‘ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅಂತ ಬ್ರೌಸರ್ ಅಡ್ಡ ನಿಂತ್ರೆ ಏನ್ ಮಾಡ್ಬೇಕು? ‘ಪ್ರೊಸೀಡ್’ ಒತ್ತೋ ಮುಂಚೆ ಇದನ್ನ ಓದಿ

ಹಾಸನ: ತಿಂಗಳ 20ನೇ ತಾರೀಖು, ಜಿಎಸ್‌ಟಿ 3ಬಿ ರಿಟರ್ನ್ ಹಾಕೋಕೆ ಕೊನೆ ದಿನ. ತಡ ಆದ್ರೆ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದ ನಿಲ್ ರಿಟರ್ನ್ ಆದ್ರೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ಅಂಗಡಿ ಕಂಪ್ಯೂಟರ್ ಆನ್ ಮಾಡಿ ಸೈಟ್ ಓಪನ್ ಮಾಡಿದ್ರೆ ಕೆಂಪು ತ್ರಿಕೋನ, ಅದರ ಕೆಳಗೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಅನ್ನೋ ಸಾಲು. ಪಕ್ಕದ ಅಂಗಡಿಯ ಹುಡುಗನ್ನ ಕರೆದ್ರೆ ಅವನು ಎರಡು ಸೆಕೆಂಡಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ, ಕೆಳಗಿರೋ ‘ಪ್ರೊಸೀಡ್’ ಒತ್ತಿ, ‘ಆಯ್ತು ನೋಡಿ ಅಣ್ಣ, ಇದು ಯಾವಾಗಲೂ ಹಿಂಗೇ ಬರುತ್ತೆ’ ಅಂತ ಹೇಳಿ ಹೋಗ್ತಾನೆ.

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ನಿಂದ ಹಿಡಿದು ಅರಕಲಗೂಡು ಕಡೆ ಹಳ್ಳಿಗಳ ಗ್ರಾಮ ಒನ್ ಕೇಂದ್ರದವರೆಗೆ ದಿನವೂ ನಡೆಯೋ ಮಾತು ಇದು. ಪಹಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್, ಕರೆಂಟ್ ಬಿಲ್, ಬ್ಯಾಂಕು ಎಲ್ಲ ಬ್ರೌಸರ್ ಒಳಗೇ ಬಂದು ಕೂತಿರುವಾಗ ಈ ಎಚ್ಚರಿಕೆ ಪುಟ ಎದುರಾಗದವರು ಕಡಿಮೆ. ಆದರೆ ಅದು ಯಾಕೆ ಬರುತ್ತೆ, ಯಾವಾಗ ಸುಮ್ಮನೆ ಸರಿ ಮಾಡ್ಕೊಬಹುದು, ಯಾವಾಗ ಕೈ ಹಿಂದೆ ತೆಗೀಬೇಕು ಅನ್ನೋದು ಗೊತ್ತಿರೋರೂ ಕಡಿಮೆ. ಇದಕ್ಕೆ ಕಾರಣಗಳು ಬೆರಳೆಣಿಕೆಯಷ್ಟೇ. ಒಂದೊಂದಾಗಿ ನೋಡೋಣ.

ಸರ್ಟಿಫಿಕೇಟ್ ಅಂದ್ರೆ ತಕ್ಕಡಿಗೆ ಹಾಕೋ ಮುದ್ರೆ ಇದ್ದಂಗೆ

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ನೋಡಿ ಮುದ್ರೆ ಹಾಕ್ತಾರೆ. ಗಿರಾಕಿಗೆ ನಿಮ್ಮ ತಕ್ಕಡಿ ಪರೀಕ್ಷೆ ಮಾಡೋಕೆ ಬರಲ್ಲ, ಆದರೆ ಮುದ್ರೆ ಹಾಕಿದ ಇಲಾಖೆ ಮೇಲೆ ನಂಬಿಕೆ ಇರುತ್ತೆ. ಮುದ್ರೆಯ ಅವಧಿ ಮುಗಿದಿದ್ರೆ ನೀವು ಮೋಸ ಮಾಡ್ತಿದ್ದೀರಿ ಅಂತ ಅರ್ಥ ಅಲ್ಲ. ‘ಈ ತಕ್ಕಡಿ ಸರಿ ಇದೆ’ ಅಂತ ಹೊರಗಿನವರು ಯಾರೂ ಈಗ ಗ್ಯಾರಂಟಿ ಕೊಡ್ತಿಲ್ಲ, ಅಷ್ಟೇ.

ವೆಬ್‌ಸೈಟಿನ ಸರ್ಟಿಫಿಕೇಟ್ ಕೂಡ ಹಾಗೇ. ವಿಳಾಸದ ಮುಂದೆ ‘ಎಚ್‌ಟಿಟಿಪಿಎಸ್’ ಇದ್ರೆ ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗೋ ಪಾಸ್‌ವರ್ಡ್, ಒಟಿಪಿ, ಖಾತೆ ನಂಬರ್ ಎಲ್ಲ ಗೂಢಲಿಪಿಯಲ್ಲಿ ಹೋಗುತ್ತೆ. ಮಧ್ಯದಲ್ಲಿ ವೈಫೈ ಕೊಟ್ಟವನು ಇಣುಕಿ ನೋಡಿದ್ರೂ ಅವನಿಗೆ ಕಾಣೋದು ಅರ್ಥವಿಲ್ಲದ ಅಕ್ಷರ. ಆದರೆ ಗೂಢಲಿಪಿಯಲ್ಲಿ ಮಾತಾಡೋ ಮೊದಲು ಎದುರಿಗೆ ಇರೋನು ನಿಜವಾದವನೇನಾ ಅಂತ ಗೊತ್ತಾಗಬೇಕಲ್ಲ? ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದ್ರೆ ಏನು ಬಂತು? ಅದನ್ನ ತೋರಿಸೋಕೆ ಸೈಟು ತನ್ನ ಸರ್ಟಿಫಿಕೇಟ್ ಮುಂದಿಡುತ್ತೆ. ಬ್ರೌಸರ್ ಅದರಲ್ಲಿ ಮುಖ್ಯವಾಗಿ ಮೂರು ವಿಷಯ ನೋಡುತ್ತೆ.

ಒಂದು, ತಾರೀಖು. ಇವತ್ತಿನ ದಿನ ಸರ್ಟಿಫಿಕೇಟಿನ ಅವಧಿಯ ಒಳಗಿದೆಯಾ?

ಎರಡು, ಹೆಸರು. ನೀವು ಟೈಪ್ ಮಾಡಿದ ವಿಳಾಸವೂ ಸರ್ಟಿಫಿಕೇಟಿನಲ್ಲಿರೋ ವಿಳಾಸವೂ ಒಂದೇನಾ?

ಮೂರು, ಮುದ್ರೆ ಹಾಕಿದವರು ಯಾರು. ಈ ಮುದ್ರೆ ಹಾಕೋ ಸಂಸ್ಥೆಗಳಿಗೆ ಸರ್ಟಿಫಿಕೇಟ್ ಅಥಾರಿಟಿ ಅಂತಾರೆ. ನಂಬಬಹುದಾದ ಅಥಾರಿಟಿಗಳ ಪಟ್ಟಿ ನಿಮ್ಮ ಫೋನು, ವಿಂಡೋಸ್ ಅಥವಾ ಬ್ರೌಸರ್ ಒಳಗೇ ಮೊದಲೇ ಇರುತ್ತೆ. ನಮ್ಮ ಬೆಂಗಳೂರಿನ ಇಮುದ್ರಾ ಕಂಪನಿಯ ‘ಎಮ್‌ಸೈನ್’ ಕೂಡ ಆ ಪಟ್ಟಿಯಲ್ಲಿದೆ.

ಈ ಮೂರರಲ್ಲಿ ಒಂದು ತಪ್ಪಿದ್ರೂ ಬ್ರೌಸರ್ ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ.

ಮೊದಲು ಆ ಸಣ್ಣ ಅಕ್ಷರ ಓದಿ

ಎಚ್ಚರಿಕೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಕೋಡ್ ಇರುತ್ತೆ. ಹೆಚ್ಚಿನವರು ಅದನ್ನ ಓದೋದೇ ಇಲ್ಲ. ಕಾಯಿಲೆ ಹೆಸರು ಅಲ್ಲೇ ಬರೆದಿರುತ್ತೆ. ಕ್ರೋಮ್‌ನಲ್ಲಿ ಕಾಣೋ ಮುಖ್ಯ ನಾಲ್ಕು ಇವು:

‘ಸರ್ಟ್ ಡೇಟ್ ಇನ್‌ವ್ಯಾಲಿಡ್’: ತಾರೀಖಿನ ತಕರಾರು. ತಪ್ಪು ನಿಮ್ಮ ಗಡಿಯಾರದ್ದಿರಬಹುದು, ಸೈಟಿನದ್ದೂ ಇರಬಹುದು.

‘ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್’: ಹೆಸರು ಹೊಂದ್ತಿಲ್ಲ.

‘ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್’: ಮುದ್ರೆ ಹಾಕಿದವರು ಯಾರು ಅಂತ ನಿಮ್ಮ ಬ್ರೌಸರ್‌ಗೆ ಗೊತ್ತಿಲ್ಲ.

‘ಸರ್ಟ್ ರಿವೋಕ್ಡ್’: ಆ ಸರ್ಟಿಫಿಕೇಟನ್ನ ಕೊಟ್ಟವರೇ ರದ್ದು ಮಾಡಿದ್ದಾರೆ. ಇದು ಬಂದ್ರೆ ಯೋಚನೆ ಮಾಡೋ ಅಗತ್ಯವೇ ಇಲ್ಲ, ಟ್ಯಾಬ್ ಮುಚ್ಚಿ.

ಇನ್ನೊಂದು ವಿಷಯ. ಇಡೀ ಪುಟವೇ ಕೆಂಪಾಗಿ ‘ಡೇಂಜರಸ್ ಸೈಟ್’ ಅಂತ ಬಂದ್ರೆ ಅದು ಸರ್ಟಿಫಿಕೇಟ್ ಸಮಸ್ಯೆ ಅಲ್ಲ. ಆ ಸೈಟು ಮೋಸದ್ದು ಅಥವಾ ವೈರಸ್ ಇರೋದು ಅಂತ ಗೂಗಲ್ ಗುರುತು ಹಾಕಿದೆ ಅಂತ ಅರ್ಥ. ಅಲ್ಲಿಗೆ ಹೋಗಲೇಬೇಡಿ.

ಮೂರು ಪ್ರಶ್ನೆ ಕೇಳ್ಕೊಳ್ಳಿ, ಅರ್ಧ ಕೆಲಸ ಮುಗೀತು

ಮೆಕ್ಯಾನಿಕ್ ಕರೆಯೋ ಮುಂಚೆ ಈ ಮೂರು ಪ್ರಶ್ನೆಗೆ ಉತ್ತರ ಹುಡುಕಿ.

ಎಲ್ಲಾ ಸೈಟಲ್ಲೂ ಬರ್ತಿದೆಯಾ, ಒಂದರಲ್ಲಿ ಮಾತ್ರನಾ? ಎಲ್ಲಾ ಕಡೆ ಬಂದ್ರೆ ತಪ್ಪು ನಿಮ್ಮ ಕಂಪ್ಯೂಟರಿನಲ್ಲಿ ಅಥವಾ ನೆಟ್‌ನಲ್ಲಿದೆ. ಪ್ರಪಂಚದ ಎಲ್ಲಾ ಸೈಟುಗಳ ಸರ್ಟಿಫಿಕೇಟ್ ಒಂದೇ ದಿನ ಕೆಡೋಕೆ ಸಾಧ್ಯ ಇಲ್ಲ.

ಬೇರೆ ಫೋನಲ್ಲಿ ಅದೇ ಸೈಟ್ ತೆರೆಯುತ್ತಾ? ಮೊಬೈಲ್ ಡೇಟಾದಲ್ಲಿ ಸಲೀಸಾಗಿ ತೆರೆದ್ರೆ ಸೈಟು ಬಹುತೇಕ ಸರಿಯಾಗಿದೆ. ಅಲ್ಲೂ ಅದೇ ಎಚ್ಚರಿಕೆ ಬಂದ್ರೆ ತಪ್ಪು ಸೈಟಿನವರದ್ದು, ನೀವು ಕಂಪ್ಯೂಟರ್ ಬಿಚ್ಚಿಸಿ ಪ್ರಯೋಜನ ಇಲ್ಲ.

ನೆಟ್ ಬದಲಾಯಿಸಿದ್ರೆ ಹೋಗುತ್ತಾ? ಅದೇ ಲ್ಯಾಪ್‌ಟಾಪಿಗೆ ವೈಫೈ ಬಿಟ್ಟು ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಎಚ್ಚರಿಕೆ ಮಾಯವಾದ್ರೆ ಆ ವೈಫೈಯಲ್ಲೇ ಏನೋ ಇದೆ.

ಇದಕ್ಕೆ ಐದು ನಿಮಿಷ ಸಾಕು. ಉತ್ತರ ಸಿಕ್ಕ ಮೇಲೆ ಕೆಳಗಿನದ್ದರಲ್ಲಿ ನಿಮ್ಮದು ಯಾವುದು ಅಂತ ನೋಡಿ.

ಗಡಿಯಾರ ಕೆಟ್ಟಿದ್ರೆ ಊರೆಲ್ಲ ಕಳ್ಳರಾಗಿ ಕಾಣ್ತಾರೆ

ಹಳೇ ಡೆಸ್ಕ್‌ಟಾಪ್ ಇರೋ ಅಂಗಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಗುಂಡಗಿರೋ ಒಂದು ನಾಣ್ಯದಂಥ ಸೆಲ್ ಇರುತ್ತೆ. ಸಾಮಾನ್ಯವಾಗಿ ಅದು ‘ಸಿಆರ್ 2032’ ಸೆಲ್. ಮೇನ್ ಸ್ವಿಚ್ ಆಫ್ ಆದಾಗಲೂ ಗಡಿಯಾರ ನಡೀಬೇಕಲ್ಲ, ಅದಕ್ಕೆ. ಕೆಲವು ವರ್ಷ ಆದ್ಮೇಲೆ ಆ ಸೆಲ್ ಸತ್ತು ಹೋಗುತ್ತೆ. ಆಮೇಲೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತೆ.

ಮಳೆಗಾಲದಲ್ಲಿ ಅರಕಲಗೂಡು, ಕೊಣನೂರು ಕಡೆ ಕರೆಂಟು ಎಷ್ಟು ಸಲ ಹೋಗಿ ಬರುತ್ತೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ್ರೆ ತಾರೀಖು ಹತ್ತು ವರ್ಷ ಹಿಂದಿನದು. ಆ ಲೆಕ್ಕದಲ್ಲಿ ಇವತ್ತಿನ ಎಲ್ಲಾ ಸರ್ಟಿಫಿಕೇಟುಗಳೂ ‘ಇನ್ನೂ ಹುಟ್ಟೇ ಇಲ್ಲ’. ಹಾಸನಾಂಬೆ ಗುಡಿ ಬಾಗಿಲು ತೆಗೆಯೋ ದಿನ ಬಿಟ್ಟು ಬೇರೆ ದಿನ ಹೋಗಿ ನಿಂತ್ರೆ ದರ್ಶನ ಸಿಗುತ್ತಾ? ಹಂಗೇ ಇದು.

ಸರಿ ಮಾಡೋದು ಹೀಗೆ. ವಿಂಡೋಸ್ 10, 11ರಲ್ಲಿ ಕೆಳಗೆ ಬಲಗಡೆ ಇರೋ ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಡ್ಜಸ್ಟ್ ಡೇಟ್ ಅಂಡ್ ಟೈಮ್’ ಒತ್ತಿ. ‘ಸೆಟ್ ಟೈಮ್ ಆಟೋಮ್ಯಾಟಿಕಲಿ’ ಆನ್ ಮಾಡಿ. ಟೈಮ್ ಜೋನ್‌ನಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ದೆಹಲಿ ಅಂತ ಇರೋ 5.30ರ ಸಾಲು ಆರಿಸಿ. ಆಮೇಲೆ ‘ಸಿಂಕ್ ನೌ’. ಫೋನಲ್ಲಾದ್ರೆ ಸೆಟ್ಟಿಂಗ್ಸ್ ಒಳಗೆ ಡೇಟ್ ಅಂಡ್ ಟೈಮ್‌ಗೆ ಹೋಗಿ ಆಟೋಮ್ಯಾಟಿಕ್ ಆನ್ ಮಾಡಿ. ಗೇಮ್ ಆಡೋಕೆ ಅಂತ ಮಕ್ಕಳು ಫೋನಿನ ತಾರೀಖು ಮುಂದೆ ಹಾಕಿಟ್ಟಿದ್ರೂ ಇದೇ ಎಚ್ಚರಿಕೆ ಬರುತ್ತೆ, ಅದನ್ನೂ ನೋಡಿ.

ಸರಿ ಮಾಡಿದ ತಾರೀಖು ಮಾರನೇ ದಿನ ಮತ್ತೆ ತಪ್ಪಿದ್ರೆ ಸೆಲ್ ಹೋಗಿದೆ ಅಂತಲೇ ಅರ್ಥ. ಸೆಲ್ ಬದಲಾಯಿಸೋದು ಸಣ್ಣ ಖರ್ಚು. ಯಾರಾದ್ರೂ ‘ವಿಂಡೋಸ್ ಪೂರ್ತಿ ಹೊಸದಾಗಿ ಹಾಕ್ಬೇಕು’ ಅಂದ್ರೆ ಮೊದಲು ಸೆಲ್ ಬದಲಾಯಿಸಿ ನೋಡಿ ಅಂತ ಹೇಳಿ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬಿಲ್ಲಿನ ತಾರೀಖು ತಪ್ಪಾಗಿ ಬೀಳೋದೂ ಅದರಿಂದಲೇ ತಪ್ಪುತ್ತೆ.

ಹಳೇ ಫೋನು, ವಿಂಡೋಸ್ 7: ನಂಬಿಕೆ ಪಟ್ಟಿಯೇ ಹಳೇದು

ತಾರೀಖು ಸರಿ ಇದೆ, ಆದ್ರೂ ಕೆಲವು ಸೈಟ್ ತೆರೆಯುತ್ತೆ, ಕೆಲವು ತೆರೆಯಲ್ಲ. ಫೋನೋ ಕಂಪ್ಯೂಟರೋ ತುಂಬಾ ಹಳೇದು. ಹಂಗಿದ್ರೆ ಕಾರಣ ಬೇರೆ.

‘ಲೆಟ್ಸ್ ಎನ್‌ಕ್ರಿಪ್ಟ್’ ಅನ್ನೋ ಸಂಸ್ಥೆ ವೆಬ್‌ಸೈಟುಗಳಿಗೆ ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುತ್ತೆ. ಪ್ರಪಂಚದ ಕೋಟ್ಯಂತರ ಸೈಟುಗಳು ಅದನ್ನೇ ಬಳಸ್ತವೆ. ಅದು ಶುರುವಿನಲ್ಲಿ ಇನ್ನೊಂದು ಹಳೇ ಸಂಸ್ಥೆಯ ಮೂಲ ಸರ್ಟಿಫಿಕೇಟಿನ ಬೆಂಬಲದಲ್ಲಿ ನಿಂತಿತ್ತು. ಆ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗೀತು. ಲೆಟ್ಸ್ ಎನ್‌ಕ್ರಿಪ್ಟಿನ ಸ್ವಂತ ಮೂಲ ಸರ್ಟಿಫಿಕೇಟ್ ಹೊಸ ಫೋನುಗಳ ಪಟ್ಟಿಯಲ್ಲಿ ಇತ್ತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೇ ಫೋನುಗಳ ಪಟ್ಟಿಯಲ್ಲಿ ಇರಲಿಲ್ಲ. ಹಳೇ ಆಂಡ್ರಾಯ್ಡಿಗೆ ಅಂತ ಮೂರು ವರ್ಷಕ್ಕೆ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡಿದ್ರು, ಅದೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಅಪ್‌ಡೇಟ್ ಮಾಡದೇ ಬಿಟ್ಟ ವಿಂಡೋಸ್ 7 ಮಷಿನುಗಳಲ್ಲೂ ಇದೇ ತೊಂದರೆ.

ಇಲ್ಲಿ ಫೋನು ಕೆಟ್ಟಿಲ್ಲ, ಸೈಟೂ ಕೆಟ್ಟಿಲ್ಲ. ಹೊಸ ಮುದ್ರೆ ಯಾರದ್ದು ಅಂತ ಹಳೇ ಫೋನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಪರಿಹಾರ: ಮೊದಲು ಫೋನಿನ ಸಿಸ್ಟಮ್ ಅಪ್‌ಡೇಟ್ ಬಂದಿದೆಯಾ ನೋಡಿ. ಆಮೇಲೆ ಪ್ಲೇ ಸ್ಟೋರಿನಿಂದಲೇ ಬ್ರೌಸರ್ ಅಪ್‌ಡೇಟ್ ಮಾಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಕ್ರೋಮ್ ಕೂಡ 109ನೇ ಆವೃತ್ತಿಯ ನಂತರ ವಿಂಡೋಸ್ 7ಕ್ಕೆ ಹೊಸದು ಕೊಟ್ಟಿಲ್ಲ. ಫೈರ್‌ಫಾಕ್ಸ್ ತನ್ನ ನಂಬಿಕೆ ಪಟ್ಟಿಯನ್ನ ತನ್ನ ಜೊತೆಯಲ್ಲೇ ಇಟ್ಕೊಂಡಿರುತ್ತೆ, ಅದಕ್ಕೇ ಹಳೇ ಮಷಿನಿನಲ್ಲಿ ಕ್ರೋಮ್ ಸೋತಾಗ ಫೈರ್‌ಫಾಕ್ಸ್‌ನಲ್ಲಿ ಸೈಟು ತೆರೆಯೋದುಂಟು. ಆದರೆ ಅದು ತೇಪೆ ಮಾತ್ರ. ಬ್ಯಾಂಕ್ ವ್ಯವಹಾರ ಮಾಡೋ ಮಷಿನು ವಿಂಡೋಸ್ 7 ಆಗಿರಬಾರದು. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನೋದು ನೆನಪಿರಲಿ.

ಸ್ಟೇಷನ್, ಲಾಡ್ಜ್ ವೈಫೈಯಲ್ಲಿ ಬಂದ್ರೆ

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ರೈಲು ಕಾಯುವಾಗ ಪುಕ್ಕಟೆ ವೈಫೈ ಕಂಡ್ರೆ ಹಾಕ್ಕೊಳ್ಳೋದು ಸಹಜ. ಇಂಥ ವೈಫೈಗಳು ಮೊದಲು ನಿಮ್ಮ ಮೊಬೈಲ್ ನಂಬರ್ ಕೇಳೋ ಲಾಗಿನ್ ಪುಟ ತೋರಿಸಬೇಕು. ನೀವು ಬೇರೆ ಯಾವುದೋ ಸೈಟು ತೆರೆಯೋಕೆ ಹೋದಾಗ ಅವು ನಡುವೆ ಬಂದು ತಮ್ಮ ಪುಟ ತೂರಿಸೋಕೆ ನೋಡ್ತವೆ. ‘ನಾನು ಕೇಳಿದ್ದು ಬ್ಯಾಂಕಿನ ಸೈಟು, ಉತ್ತರ ಕೊಟ್ಟಿದ್ದು ಇನ್ಯಾರೋ’ ಅಂತ ಬ್ರೌಸರ್ ಗಲಾಟೆ ಮಾಡುತ್ತೆ. ಗಲಾಟೆ ಮಾಡಿದ್ದು ಸರಿಯೇ.

ಆಗ ‘ಪ್ರೊಸೀಡ್’ ಒತ್ತಬೇಡಿ. ವೈಫೈ ಲಾಗಿನ್ ಅಂತ ಬರೋ ನೋಟಿಫಿಕೇಷನ್ ಒತ್ತಿ ಮೊದಲು ಲಾಗಿನ್ ಮುಗಿಸಿ, ಆಮೇಲೆ ಸೈಟು ತೆರೀರಿ. ಲಾಗಿನ್ ಆದ ಮೇಲೂ ಎಚ್ಚರಿಕೆ ಬರ್ತಾನೇ ಇದ್ರೆ ಆ ವೈಫೈ ಬಿಟ್ಟುಬಿಡಿ. ಸ್ಟೇಷನ್ ಹೆಸರನ್ನೇ ಇಟ್ಟು ಯಾರು ಬೇಕಾದ್ರೂ ತಮ್ಮ ಫೋನಿಂದ ಹಾಟ್‌ಸ್ಪಾಟ್ ಬಿಡಬಹುದು. ದುಡ್ಡಿನ ವ್ಯವಹಾರಕ್ಕೆ ನಿಮ್ಮ ಸ್ವಂತ ಡೇಟಾನೇ ಒಳ್ಳೇದು.

ಆಂಟಿವೈರಸ್ಸೇ ಅಡ್ಡ ಬಂದಾಗ

ಕೆಲವು ಆಂಟಿವೈರಸ್‌ಗಳು ಗೂಢಲಿಪಿಯಲ್ಲಿ ಹೋಗೋ ಮಾಹಿತಿಯನ್ನೂ ಬಿಚ್ಚಿ ನೋಡೋಕೆ ತಮ್ಮದೇ ಸರ್ಟಿಫಿಕೇಟನ್ನ ಕಂಪ್ಯೂಟರಿನಲ್ಲಿ ಕೂರಿಸ್ತವೆ. ಅದರ ಲೈಸೆನ್ಸ್ ಮುಗಿದಾಗ ಅಥವಾ ಅರ್ಧಂಬರ್ಧ ತೆಗೆದಾಗ ಎಲ್ಲಾ ಸೈಟಲ್ಲೂ ‘ಅಥಾರಿಟಿ ಇನ್‌ವ್ಯಾಲಿಡ್’ ಬರಬಹುದು. ಕಂಡುಹಿಡಿಯೋದು ಸುಲಭ: ಎಚ್ಚರಿಕೆ ಪುಟದಲ್ಲಿ ‘ನಾಟ್ ಸೆಕ್ಯೂರ್’ ಅಂತ ಇರೋ ಕಡೆ ಒತ್ತಿ ಸರ್ಟಿಫಿಕೇಟ್ ತೆರೆದು ‘ಇಶ್ಯೂಡ್ ಬೈ’ ಅನ್ನೋ ಜಾಗ ನೋಡಿ. ಅಲ್ಲಿ ನಿಮ್ಮ ಆಂಟಿವೈರಸ್ ಹೆಸರಿದ್ರೆ ಕಳ್ಳ ಸಿಕ್ಕ. ಅದರ ಸೆಟ್ಟಿಂಗಿನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಆಫ್ ಮಾಡಿ, ಇಲ್ಲಾಂದ್ರೆ ಪೂರ್ತಿ ತೆಗೆದು ಹೊಸದಾಗಿ ಹಾಕಿ.

ಅಲ್ಲಿ ಯಾವುದೋ ಗೊತ್ತಿಲ್ಲದ ಹೆಸರಿದ್ರೆ ಹುಷಾರು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಇಂಥವು ಒಳಗೆ ಬರಬಹುದು. ದೊಡ್ಡ ಕಂಪನಿಗಳಲ್ಲೂ ಆಗಿದೆ: ಲೆನೊವೊ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಅನ್ನೋ ಜಾಹೀರಾತು ಸಾಫ್ಟ್‌ವೇರನ್ನ ಮೊದಲೇ ಹಾಕಿ ಮಾರಿದ್ದು 2015ರ ಫೆಬ್ರವರಿಯಲ್ಲಿ ಬಯಲಾಯ್ತು. ಅದು ಕೂರಿಸಿದ್ದ ಮೂಲ ಸರ್ಟಿಫಿಕೇಟಿನ ಕೀಲಿ ಎಲ್ಲಾ ಲ್ಯಾಪ್‌ಟಾಪಿಗೂ ಒಂದೇ ಆಗಿತ್ತು. ಒಬ್ಬನಿಗೆ ಕೀಲಿ ಸಿಕ್ಕಿದ್ರೆ ಎಲ್ಲರ ಮನೆ ಬೀಗ ತೆಗೀಬಹುದಿತ್ತು.

ತಪ್ಪು ಸೈಟಿನವರದ್ದೇ ಆದ್ರೆ?

ಮೂರೂ ಪ್ರಶ್ನೆಗೆ ಉತ್ತರ ಹುಡುಕಿದ ಮೇಲೆ ‘ಎಲ್ಲರ ಫೋನಲ್ಲೂ, ಎಲ್ಲಾ ನೆಟ್ಟಲ್ಲೂ ಇದೊಂದೇ ಸೈಟಿಗೆ ಬರ್ತಿದೆ’ ಅಂತಾದ್ರೆ ನೀವು ಮಾಡೋದು ಏನೂ ಇಲ್ಲ. ಅವರು ಸರ್ಟಿಫಿಕೇಟ್ ನವೀಕರಣ ಮಾಡೋದು ಮರೆತಿರಬಹುದು. ಇಲ್ಲಾಂದ್ರೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇರೋ ಹೆಸರಿಗೆ ಮಾತ್ರ ಸರ್ಟಿಫಿಕೇಟ್ ತಗೊಂಡು, ಇಲ್ಲದ ಹೆಸರಿಗೆ ಬಿಟ್ಟಿರಬಹುದು. ಕೋಡಿನಲ್ಲಿ ‘ಕಾಮನ್ ನೇಮ್’ ಅಂತಿದ್ರೆ ವಿಳಾಸದ ಮುಂದೆ ಅದನ್ನ ಸೇರಿಸಿ ಅಥವಾ ತೆಗೆದು ಒಮ್ಮೆ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ತೆರೆಯುತ್ತೆ.

ತೆರೆಯದಿದ್ರೆ ಅಲ್ಲಿ ಪಾಸ್‌ವರ್ಡ್, ಒಟಿಪಿ, ಆಧಾರ್ ನಂಬರ್, ಕಾರ್ಡ್ ನಂಬರ್ ಯಾವುದನ್ನೂ ಹಾಕಬೇಡಿ. ಫೈಲ್ ಡೌನ್‌ಲೋಡ್ ಮಾಡಬೇಡಿ. ಕೆಲವು ಗಂಟೆ ಬಿಟ್ಟು ನೋಡಿ, ಆ ಕಚೇರಿಗೆ ಫೋನ್ ಮಾಡಿ ತಿಳಿಸಿ, ಕೌಂಟರಿನಲ್ಲಿ ಕಟ್ಟೋ ಅವಕಾಶ ಇದ್ರೆ ಅಲ್ಲೇ ಕಟ್ಟಿ. ಕೊನೇ ದಿನದ ಅರ್ಜಿ ಆಗಿದ್ರೆ ತಾರೀಖು ಮತ್ತು ಟೈಮ್ ಕಾಣೋ ಹಂಗೆ ಎಚ್ಚರಿಕೆ ಪುಟದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ‘ಸೈಟೇ ತೆರೀಲಿಲ್ಲ ಸಾರ್’ ಅಂತ ಬಾಯಲ್ಲಿ ಹೇಳೋದಕ್ಕಿಂತ ಅದು ವಾಸಿ.

ಬ್ಯಾಂಕ್‌ನಂಥ ಕೆಲವು ಸೈಟುಗಳಲ್ಲಿ ‘ಪ್ರೊಸೀಡ್’ ಬಟನ್ನೇ ಇರಲ್ಲ. ಬ್ರೌಸರ್ ಕೆಟ್ಟಿದೆ ಅಂತ ತಿಳ್ಕೋಬೇಡಿ. ‘ಸರ್ಟಿಫಿಕೇಟ್ ಸರಿ ಇಲ್ಲದಿದ್ರೆ ಯಾರನ್ನೂ ಒಳಗೆ ಬಿಡಬೇಡ’ ಅಂತ ಆ ಸೈಟಿನವರೇ ಬ್ರೌಸರಿಗೆ ಮೊದಲೇ ಹೇಳಿಟ್ಟಿರ್ತಾರೆ.

‘ಸರ್ಕಾರಿ ಸೈಟು ತಾನೇ, ಏನಾಗುತ್ತೆ?’

ಈ ಮಾತು ಬಹಳ ಜನ ಹೇಳ್ತಾರೆ. ಅವರಿಗೆ 2014ರ ಕಥೆ ಗೊತ್ತಿರಬೇಕು. ಸರ್ಕಾರಿ ವೆಬ್‌ಸೈಟುಗಳನ್ನ ನೋಡಿಕೊಳ್ಳೋ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದ್ರೆ ಎನ್‌ಐಸಿ, ಆಗ ತಾನೇ ಸರ್ಟಿಫಿಕೇಟುಗಳನ್ನೂ ಕೊಡ್ತಿತ್ತು. ಅದರ ಮುದ್ರೆ ಇರೋ, ಆದರೆ ಗೂಗಲ್ ಕಂಪನಿ ಕೇಳದೇ ಇದ್ದ ಗೂಗಲ್ ಹೆಸರಿನ ಸರ್ಟಿಫಿಕೇಟುಗಳು ಇರೋದು 2014ರ ಜುಲೈ 2ರಂದು ಗೂಗಲ್‌ಗೆ ಗೊತ್ತಾಯ್ತು. ಅಂಥ ಸರ್ಟಿಫಿಕೇಟ್ ಕೈಲಿದ್ದವನು ನಡುವೆ ಕೂತು ‘ನಾನೇ ಗೂಗಲ್’ ಅಂತ ನಂಬಿಸಬಹುದು, ವಿಂಡೋಸ್ ಕೂಡ ನಂಬ್ತಿತ್ತು.

ದೇಶದ ಸರ್ಟಿಫಿಕೇಟ್ ವ್ಯವಸ್ಥೆಯ ಮೇಲ್ವಿಚಾರಣೆ ಮಾಡೋ ಪ್ರಾಧಿಕಾರ ಸಿಸಿಎ ಮಾರನೇ ದಿನವೇ, ಜುಲೈ 3ಕ್ಕೆ, ಎನ್‌ಐಸಿಯ ಆ ಅಧಿಕಾರದ ಸರ್ಟಿಫಿಕೇಟುಗಳನ್ನ ರದ್ದು ಮಾಡಿತು. ಎನ್‌ಐಸಿಯ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆಯೇ ಕೈತಪ್ಪಿತ್ತು ಅಂತ ಸಿಸಿಎ ಗೂಗಲ್‌ಗೆ ತಿಳಿಸಿತು. ಅದಾದ ಮೇಲೆ ಕ್ರೋಮ್, ಸಿಸಿಎ ಮುದ್ರೆಯನ್ನ ಸರ್ಕಾರಿ ಮತ್ತು ಇನ್ನು ಕೆಲವೇ ಭಾರತೀಯ ವಿಳಾಸಗಳಿಗೆ ಮಾತ್ರ ಒಪ್ಪುತ್ತೆ ಅಂತ ಮಿತಿ ಹಾಕಿತು. ಫೈರ್‌ಫಾಕ್ಸ್ ಪಟ್ಟಿಯಲ್ಲಿ ಸಿಸಿಎ ಮೊದಲಿಂದಲೂ ಇರಲಿಲ್ಲ, ಆದ್ದರಿಂದ ಅದರ ಬಳಕೆದಾರರಿಗೆ ಏನೂ ಆಗಲಿಲ್ಲ.

ಮೂರು ವರ್ಷ ಹಿಂದೆ, 2011ರಲ್ಲಿ, ನೆದರ್ಲೆಂಡ್ಸ್‌ನ ಡಿಜಿನೋಟಾರ್ ಅನ್ನೋ ಅಥಾರಿಟಿಗೆ ಹ್ಯಾಕರ್‌ಗಳು ನುಗ್ಗಿ ಗೂಗಲ್ ಹೆಸರಿನ ಸುಳ್ಳು ಸರ್ಟಿಫಿಕೇಟ್ ಮಾಡಿಕೊಂಡಿದ್ರು. ಅದನ್ನ ಇರಾನ್‌ನಲ್ಲಿ ಜನರ ಮೇಲ್ ಓದೋಕೆ ಬಳಸಿದ್ರು. ಬ್ರೌಸರ್‌ಗಳು ಆ ಕಂಪನಿಯನ್ನ ಪಟ್ಟಿಯಿಂದ ಕಿತ್ತು ಹಾಕಿದ್ವು, ಅದೇ ವರ್ಷ ಕಂಪನಿ ದಿವಾಳಿ ಆಯ್ತು. ಮುದ್ರೆ ಹಾಕೋರೇ ಎಡವಿದಾಗ ನಮ್ಮನ್ನ ಕಾಯೋಕೆ ಉಳಿಯೋದು ಬ್ರೌಸರ್ ಒಂದೇ. ಅದು ‘ಬೇಡ’ ಅಂದಾಗ ಕೇಳಬೇಕು.

ಪ್ರೊಸೀಡ್ ಒತ್ತಿದ್ರೂ ಪರವಾಗಿಲ್ಲ ಅನ್ನೋ ಜಾಗ

ಹಾಗಂತ ಎಲ್ಲಾ ಎಚ್ಚರಿಕೆಯೂ ಅಪಾಯ ಅಲ್ಲ. ನಿಮ್ಮದೇ ಸಾಮಾನಿನ ಜೊತೆ ನೀವು ಮಾತಾಡುವಾಗಲೂ ಇದು ಬರುತ್ತೆ.

ಅಂಗಡಿಯ ಸಿಸಿ ಕ್ಯಾಮೆರಾದ ಡಿವಿಆರ್ ಅಥವಾ ವೈಫೈ ರೂಟರ್ ಪುಟ ತೆರೆಯೋಕೆ 192.168 ಅಂತ ಶುರುವಾಗೋ ನಂಬರ್ ಹಾಕ್ತೀರಲ್ಲ, ಅಲ್ಲಿ ಎಚ್ಚರಿಕೆ ಬರೋದು ಮಾಮೂಲು. ಆ ಡಬ್ಬಿಗೆ ಹೊರಗಿನ ಯಾರೂ ಮುದ್ರೆ ಹಾಕಿರಲ್ಲ, ಅದೇ ತನಗೆ ತಾನು ಹಾಕ್ಕೊಂಡಿರುತ್ತೆ. ನಿಮ್ಮ ಅಂಗಡಿ ವೈಫೈಯಲ್ಲೇ ಇದ್ದು, ನಂಬರ್ ನೀವೇ ಟೈಪ್ ಮಾಡಿದ್ರೆ ಮುಂದಕ್ಕೆ ಹೋಗಬಹುದು.

ಡಿಜಿಟಲ್ ಸಹಿ ಬಳಸಿ ಜಿಎಸ್‌ಟಿ ಫೈಲ್ ಮಾಡೋರಿಗೆ ‘ಎಮ್‌ಸೈನರ್’ ಗೊತ್ತಿರುತ್ತೆ. ಅದು ಕನೆಕ್ಟ್ ಆಗದಿದ್ರೆ 127.0.0.1 ಅಂತ ಶುರುವಾಗೋ ವಿಳಾಸ ತೆರೆದು ‘ಅಡ್ವಾನ್ಸ್‌ಡ್’, ‘ಪ್ರೊಸೀಡ್’ ಒತ್ತಿ ಅಂತ ಹೇಳ್ತಾರೆ. 127.0.0.1 ಅಂದ್ರೆ ‘ಇದೇ ಕಂಪ್ಯೂಟರ್’ ಅಂತ ಅರ್ಥ. ಮಾಹಿತಿ ಹೊರಗೆಲ್ಲೂ ಹೋಗಲ್ಲ, ಹಾಗಾಗಿ ಅಲ್ಲಿ ಒತ್ತಬಹುದು. ತೊಂದರೆ ಏನಂದ್ರೆ, ಇಲ್ಲಿ ಒತ್ತಿ ಒತ್ತಿ ಅಭ್ಯಾಸ ಆದ ಕೈ ಬ್ಯಾಂಕಿನ ಪುಟದಲ್ಲೂ ಹಂಗೇ ಒತ್ತಿಬಿಡುತ್ತೆ.

ಎಚ್ಚರಿಕೆ ಬರಲಿಲ್ಲ ಅಂದ್ರೆ ಸೈಟು ಸಾಚಾ ಅಂತಲ್ಲ

ಇದನ್ನ ಎರಡು ಸಲ ಓದಿ. ಸರ್ಟಿಫಿಕೇಟ್ ಹೇಳೋದು ಇಷ್ಟೇ: ‘ನೀವು ಟೈಪ್ ಮಾಡಿದ ವಿಳಾಸಕ್ಕೇ ಬಂದಿದ್ದೀರಿ, ನಡುವೆ ಯಾರೂ ಇಣುಕ್ತಿಲ್ಲ.’ ಆ ವಿಳಾಸದ ಯಜಮಾನ ಒಳ್ಳೆಯವನೋ ಕಳ್ಳನೋ ಅಂತ ಅದು ಹೇಳಲ್ಲ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಹೆಚ್ಚು ಕಡಿಮೆ ಮಾಡಿ ಸೈಟು ಮಾಡೋ ಕಳ್ಳನಿಗೂ ಪುಕ್ಕಟೆ ಸರ್ಟಿಫಿಕೇಟ್ ಕೆಲವೇ ನಿಮಿಷದಲ್ಲಿ ಸಿಗುತ್ತೆ. ಬೀಗದ ಚಿತ್ರ ನೋಡಿ ಜನ ಮೋಸ ಹೋಗಬಾರದು ಅಂತಲೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು.

ಹಾಗಾದ್ರೆ ನೋಡಬೇಕಾದ್ದು ಏನು? ವಿಳಾಸ. ಅದರಲ್ಲೂ ಮೊದಲ ಓರೆಗೆರೆ ಬರೋ ಮುಂಚಿನ ಕೊನೇ ಭಾಗ. ಕರ್ನಾಟಕ ಸರ್ಕಾರದ ಸೈಟುಗಳು ಹೆಚ್ಚಾಗಿ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಅಂತ ಮುಗೀತವೆ. ‘ಕರ್ನಾಟಕ’, ‘ಜಿಒವಿ’ ಎಲ್ಲ ಮುಂದೆ ಇದ್ದು ಕೊನೆಗೆ ‘ಡಾಟ್ ಕಾಮ್’, ‘ಡಾಟ್ ಎಕ್ಸ್‌ವೈಜೆಡ್’ ಅಂತ ಮುಗಿದ್ರೆ ಅದು ಸರ್ಕಾರದ್ದಲ್ಲ.

ಬ್ಯಾಂಕುಗಳಿಗೆ ಈಗ ಒಂದು ಒಳ್ಳೇ ಗುರುತು ಬಂದಿದೆ. ಎಲ್ಲಾ ಬ್ಯಾಂಕುಗಳೂ 2025ರ ಅಕ್ಟೋಬರ್ 31ರ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಮುಗಿಯೋ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಆದೇಶ ಮಾಡಿತ್ತು. ಆ ವಿಳಾಸ ಕೊಡೋದು ಹೈದರಾಬಾದಿನ ಐಡಿಆರ್‌ಬಿಟಿ ಒಂದೇ, ಅದೂ ಬ್ಯಾಂಕುಗಳಿಗೆ ಮಾತ್ರ. ಸಿಕ್ಕ ಸಿಕ್ಕವರಿಗೆ ಸಿಗಲ್ಲ. ಮುಂದಿನ ಸಲ ನೆಟ್ ಬ್ಯಾಂಕಿಂಗ್ ತೆರೆಯುವಾಗ ವಿಳಾಸದ ಬಾಲ ನೋಡಿ.

ಸ್ವಂತ ವೆಬ್‌ಸೈಟ್ ಇಟ್ಟವರಿಗೆ

ಶಾಲೆ, ಕಲ್ಯಾಣ ಮಂಟಪ, ಹೋಂ ಸ್ಟೇ, ಜ್ಯೂವೆಲರಿ ಅಂಗಡಿ ಅಂತ ಜಿಲ್ಲೆಯಲ್ಲೂ ಸೈಟು ಮಾಡಿಸಿದವರಿದ್ದಾರೆ. ಸೈಟು ಮಾಡಿಕೊಟ್ಟವನು ಬೆಂಗಳೂರು ಸೇರಿರ್ತಾನೆ, ಸರ್ಟಿಫಿಕೇಟ್ ಅವಧಿ ಮುಗಿದಿರುತ್ತೆ, ಗಿರಾಕಿ ಎಚ್ಚರಿಕೆ ನೋಡಿ ವಾಪಸ್ ಹೋಗಿರ್ತಾನೆ. ಯಜಮಾನರಿಗೆ ಗೊತ್ತೇ ಇರಲ್ಲ.

ಮುಂದೆ ಇದು ಇನ್ನೂ ಹೆಚ್ಚಾಗುತ್ತೆ. 2020ರ ಸೆಪ್ಟೆಂಬರ್‌ನಿಂದ ಒಂದು ಸರ್ಟಿಫಿಕೇಟಿನ ಗರಿಷ್ಠ ಅವಧಿ 398 ದಿನ ಇತ್ತು. ಬ್ರೌಸರ್ ಕಂಪನಿಗಳೂ ಅಥಾರಿಟಿಗಳೂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದ ಪ್ರಕಾರ 2026ರ ಮಾರ್ಚ್ 15ರಿಂದ ಕೊಡೋದಕ್ಕೆ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ವರ್ಷಕ್ಕೊಮ್ಮೆ ಯಾರಿಗೋ ಫೋನ್ ಮಾಡಿ ರಿನ್ಯೂ ಮಾಡಿಸೋ ಕಾಲ ಮುಗೀತು. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ‘ಅವಧಿ ಮುಗೀತಿದೆ’ ಅಂತ ಇಮೇಲ್ ಕಳಿಸೋದನ್ನ 2025ರ ಜೂನ್‌ನಲ್ಲಿ ನಿಲ್ಲಿಸಿದೆ.

ನಿಮ್ಮ ಹೋಸ್ಟಿಂಗಿನವರಿಗೆ ಎರಡೇ ಪ್ರಶ್ನೆ ಕೇಳಿ: ‘ಸರ್ಟಿಫಿಕೇಟ್ ತಾನಾಗೇ ರಿನ್ಯೂ ಆಗುತ್ತಾ? ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರೋ, ಇಲ್ಲದ ಎರಡೂ ಹೆಸರಿಗೆ ಇದೆಯಾ?’ ಸಾಮಾನ್ಯ ಸೈಟಿಗೆ ಪುಕ್ಕಟೆ ಸರ್ಟಿಫಿಕೇಟೇ ಸಾಕು. ಗೂಢಲಿಪಿಯ ಭದ್ರತೆ ದುಡ್ಡು ಕೊಟ್ಟದ್ದಕ್ಕೂ ಪುಕ್ಕಟೆಯದ್ದಕ್ಕೂ ಒಂದೇ. ಇದೊಂದಕ್ಕೇ ವರ್ಷಕ್ಕೆ ಸಾವಿರಗಟ್ಟಲೆ ಕೇಳಿದ್ರೆ ಯಾಕೆ ಅಂತ ವಿವರ ಕೇಳಿ.

ಗೋಡೆಗೆ ಅಂಟಿಸಿಕೊಳ್ಳೋಕೆ

1. ಎಚ್ಚರಿಕೆ ಬಂದ್ರೆ ಮೊದಲು ತಾರೀಖು, ಟೈಮ್ ನೋಡಿ.
2. ಸಣ್ಣ ಅಕ್ಷರದ ಕೋಡ್ ಓದಿ.
3. ಬೇರೆ ಸೈಟು, ಬೇರೆ ಫೋನು, ಬೇರೆ ನೆಟ್: ಮೂರರಲ್ಲೂ ನೋಡಿ.
4. ವಿಳಾಸದ ಅಕ್ಷರ ಒಂದೊಂದಾಗಿ ನೋಡಿ. ವಾಟ್ಸಾಪ್ ಲಿಂಕ್ ಒತ್ತಿ ಬಂದಿದ್ರೆ ಮುಚ್ಚಿ, ವಿಳಾಸ ನೀವೇ ಟೈಪ್ ಮಾಡಿ.
5. ಪಾಸ್‌ವರ್ಡ್, ಒಟಿಪಿ, ದುಡ್ಡು ಇರೋ ಪುಟದಲ್ಲಿ ‘ಪ್ರೊಸೀಡ್’ ಬೇಡವೇ ಬೇಡ.
6. ‘ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡ್ಕೊಳ್ಳಿ, ಸರಿ ಹೋಗುತ್ತೆ’, ‘ಈ ಎಪಿಕೆ ಹಾಕ್ಕೊಳ್ಳಿ’ ಅಂತ ಯಾರಾದ್ರೂ ಫೋನಲ್ಲಿ ಹೇಳಿದ್ರೆ ಕಾಲ್ ಕಟ್ ಮಾಡಿ.

ಸೈಬರ್ ಸೆಂಟರ್, ಗ್ರಾಮ ಒನ್ ನಡೆಸೋರಿಗೆ ಒಂದು ಮಾತು. ನಿಮ್ಮ ಮುಂದೆ ಕೂರೋ ಅಜ್ಜಿಗೆ ಸರ್ಟಿಫಿಕೇಟ್ ಗೊತ್ತಿರಲ್ಲ, ನೀವು ಗೊತ್ತಿರ್ತೀರಿ. ಅವರ ಆಧಾರ್, ಪಾಸ್‌ಬುಕ್ ನಿಮ್ಮ ಕೈಲಿರುತ್ತೆ, ಒಟಿಪಿ ಅವರು ನಿಮಗೇ ಓದಿ ಹೇಳ್ತಾರೆ. ‘ಇವತ್ತು ಸೈಟ್ ಸರಿ ಇಲ್ಲ, ನಾಳೆ ಬನ್ನಿ ಅಜ್ಜಿ’ ಅಂತ ಹೇಳೋದೂ ನಿಮ್ಮ ಕೆಲಸವೇ.

ಅಕಸ್ಮಾತ್ ಅನುಮಾನದ ಪುಟದಲ್ಲಿ ವಿವರ ಹಾಕಿಬಿಟ್ಟಿದ್ರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ. ಬೇರೆ ಫೋನಿಂದ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್ ತಡೆಹಿಡಿಸಿ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಇದು ಸೈಬರ್ ವಂಚನೆಗೆ ಅಂತಲೇ ಇರೋ ರಾಷ್ಟ್ರೀಯ ಸಹಾಯವಾಣಿ. ದೂರು ಎಷ್ಟು ಬೇಗ ಹೋದ್ರೆ ಕಳ್ಳನ ಖಾತೆಯಲ್ಲೇ ದುಡ್ಡು ತಡೆಯೋ ಅವಕಾಶ ಅಷ್ಟು ಹೆಚ್ಚು. ಆಮೇಲೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿ, ಸ್ಕ್ರೀನ್‌ಶಾಟ್ ಮತ್ತು ಬ್ಯಾಂಕ್ ಮೆಸೇಜ್ ಅಳಿಸದೆ ಜೊತೆಗೆ ತಗೊಂಡು ಹೋಗಿ.